ಸೊಪ್ಪಿಗೆ ಬೆರೆಸಿದ ಕೆಂಪು

ಮೇಜಿನ ಮೇಲೆ ಶಾಯಿ ಚೆಲ್ಲಿತ್ತು. ಅಲ್ಲೇ ನಿಂತಿದ್ದ ಸೀಮೆಸುಣ್ಣದ ತುಂಡು ಅದನ್ನು ಹೀರಿಕೊಂಡು, ನೀಲಿಯನ್ನೂ ನೇರಳೆಯನ್ನೂ ಬೇರೆ ಬೇರೆ ಪಟ್ಟಿಯಾಗಿ ಮೇಲಕ್ಕೆ ಬಿಟ್ಟಿತ್ತು. ಒರೆಸಲು ಹೋದ ಕೈ ಅಲ್ಲೇ ನಿಂತಿತು. ಮದ್ದೂರಿನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಕೆಮಿಸ್ಟ್ರಿ ಮೇಷ್ಟ್ರು ನೆನಪಾದರು...

ಎರಡನೇ ಮಹಾಯುದ್ಧದ ಕಾಲ. ಹಾಸ್ಟೆಲಿನ ಕೆಲವು ಹುಡುಗರಿಗೆ ದೀಪ ಹಚ್ಚುವ ಹೊತ್ತಿಗೆ ಕಣ್ಣು ಕಾಣುತ್ತಿರಲಿಲ್ಲ. ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ನಮ್ಮ ಬೀದಿಯಲ್ಲೇ ಊಟಕ್ಕೆ ಹೋಗುತ್ತಿದ್ದರು. ದಿನವೂ ಊಟಕ್ಕೆ ಸೊಪ್ಪು ಹಾಕಿದರೆ ಸರಿಹೋದೀತು ಎಂದು ಮೇಷ್ಟ್ರು ಹೇಳಿದರು. ಹಾಸ್ಟೆಲ್ ನಡೆಸುತ್ತಿದ್ದ ಗೌಡರು ಯಾವುದಕ್ಕೂ ಸಾಕ್ಷಿ ಕೇಳುವವರು. ನಾಲೆಯಂಚಿನ ಹೊನಗೊನೆ ಸೊಪ್ಪಿನಲ್ಲಿ ಕಣ್ಣಿಗೆ ಬೇಕಾದ ಹಳದಿ ಸತ್ವ ಎಷ್ಟಿದೆ, ಅಳೆದು ತೋರಿಸಿ ಎಂದರು.

ಮೇಷ್ಟ್ರ ಬಳಿ ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಿತ್ತು. ಸೊಪ್ಪಿನ ರಸವನ್ನು ಅದರೊಳಗೆ ಇಳಿಸಿದರೆ ಹಸಿರು, ಹಳದಿ ಬೇರೆಯಾಗುತ್ತಿದ್ದವು. ಆದರೆ ಅರೆಯುವಾಗ, ಸೋಸುವಾಗ ಒಂದಷ್ಟು ಸತ್ವ ಹೋಗಿಯೇ ಹೋಗುತ್ತಿತ್ತು. ಅದಕ್ಕೇ ಅವರು ಅರೆಯುವ ಮೊದಲೇ, ಸೊಪ್ಪಿನಲ್ಲಿಲ್ಲದ ಒಂದು ಕೆಂಪು ಬಣ್ಣವನ್ನು ತೂಗಿ ಬೆರೆಸುತ್ತಿದ್ದರು. ಕೊನೆಗೆ ಕೆಂಪು ಅರ್ಧವೇ ಸಿಕ್ಕಿದರೆ ಹಳದಿಯೂ ಅರ್ಧ ಕಳೆದಿದೆ ಎಂದು ಲೆಕ್ಕ.

ಗೌಡರು ಬಂದ ದಿನ ನಾನೂ ಅಲ್ಲಿದ್ದೆ. ಒರಳಿಗೆ ಕೆಂಪು ಬೀಳುವುದನ್ನು ನೋಡಿ ಅವರು ನಕ್ಕರು.

“ಏನ್ ಸ್ವಾಮಿ, ಬಣ್ಣ ಉಯ್ದು ಬಣ್ಣ ಅಳೀತೀರಾ?”

“ನಾನು ಹಾಕಿದ್ದೆಷ್ಟು ಅಂತ ನನಗೆ ಗೊತ್ತಿದೆ, ಗೌಡ್ರೆ,” ಎಂದರು ಮೇಷ್ಟ್ರು.

“ನಮ್ಗೆ ಆಲು ತರೋಳ್ಗೂ ಆಲಿಗೆ ಎಷ್ಟು ನೀರುಯ್ದೆ ಅಂತ ಗೊತ್ತಿರ್ತದೆ ಬುಡಿ.”

ಕಲಬೆರಕೆಯಿಲ್ಲದೆ ಮಾಡಿಕೊಡಿ ಎಂದು ಗೌಡರು ಹಟ ಹಿಡಿದರು. ಮೇಷ್ಟ್ರು ವಾದಿಸಿದರು, ಬಿಡಿಸಿ ಹೇಳಿದರು, ಕೊನೆಗೆ ಕೆಂಪಿಲ್ಲದೆ ಮಾಡಿದರು. ಸೋಸುವ ಕಾಗದ ಸಿಗದ ದಿನಗಳು. ಬಟ್ಟೆಯಲ್ಲಿ ಸೋಸಿದರೆ ಬಟ್ಟೆಯೇ ರಸವನ್ನು ಕುಡಿಯಿತು... ಬಂದ ಅಂಕಿ ತೀರ ಸಣ್ಣದು. ಎಷ್ಟು ಕಳೆಯಿತೆಂದು ತೋರಿಸಲು ಏನೂ ಇರಲಿಲ್ಲ. ಕೆಂಪು ಹಾಕಿ ಇನ್ನೊಮ್ಮೆ ಮಾಡುತ್ತೇನೆಂದರೂ ಗೌಡರು ಒಪ್ಪಲಿಲ್ಲ. ಕೆಟ್ಟವರಲ್ಲ ಅವರು, ಕಣ್ಣಾರೆ ಕಂಡ ಅಂಕಿಯನ್ನು ನಂಬಿದರು. ಹಾಸ್ಟೆಲಿಗೆ ಸೊಪ್ಪು ಬರಲಿಲ್ಲ.

“ಕೆಂಪಿಲ್ದೆ ಮಾಡ್ಕೊಡಬಾರದಿತ್ತು ಕಣಯ್ಯ,” ಎಂದು ಮೇಷ್ಟ್ರು ನನ್ನ ಹತ್ತಿರ ಒಮ್ಮೆ ಮಾತ್ರ ಅಂದರು. ಆಮೇಲೆ ಸಂಜೆ ಆ ಹುಡುಗರು ಹೆಗಲು ಹಿಡಿದು ಸಾಲಾಗಿ ಬರುವಾಗ, ಜಗುಲಿಯಿಂದೆದ್ದು ಒಳಗೆ ಹೋಗಿಬಿಡುತ್ತಿದ್ದರು. ಸ್ವಾತಂತ್ರ್ಯ ಬಂದ ವರ್ಷ ಊರು ಬಿಟ್ಟರು. ಎಲ್ಲಿಗೆಂದು ಯಾರೂ ಹೇಳಲಿಲ್ಲ.

ಸೀಮೆಸುಣ್ಣ ಈಗ ಒಣಗಿದೆ. ಮೇಷ್ಟ್ರ ದನಿ, ಕೊಳವೆ ಹಿಡಿದ ಬೆರಳುಗಳು ನೆನಪಿವೆ. ಮುಖ ಸರಿಯಾಗಿ ಬರುತ್ತಿಲ್ಲ. ನೆನಪಿನಲ್ಲಿ ಉಳಿದದ್ದನ್ನು ಬರೆದಿದ್ದೇನೆ. ಕಳೆದದ್ದು ಎಷ್ಟೆಂದು ಹೇಳಲು ನನ್ನ ಬಳಿ ಆ ಕೆಂಪು ಇಲ್ಲ.