ಚಹಾಕ್ಕೆ ಮುಂಚೆ ಬರುವ ನಬಿರ್ಯೆ

ಸರೋವರದಂಚಿನ ಜಿಂಜಾ ಪಟ್ಟಣದ ವಠಾರದಲ್ಲಿ ಇನ್ನೂ ಬೆಳಕು ಹರಿದಿಲ್ಲ. ನಬಿರ್ಯೆ ಬಾಗಿಲು ತಟ್ಟುತ್ತಾಳೆ. ಬುಟ್ಟಿಯಲ್ಲಿ ಬೇಯಿಸಿದ ಮರಗೆಣಸು, ಅದರಡಿಯಲ್ಲಿ ಎಚ್‌ಐವಿ ಪರೀಕ್ಷೆಯ ಕಡ್ಡಿಗಳು. ವಸಡಿಗೆ ಕಡ್ಡಿ ಸವರುವ ಮುನ್ನ ಬಾಯಿಗೆ ಏನೂ ಬಿದ್ದಿರಬಾರದು. ಅದಕ್ಕೇ ಅವಳು ಚಹಾಕ್ಕೆ ಮುಂಚೆ ಬರುವುದು.

"ಒಲೆ ಆರಿಸೇ, ಕಗೋಯಾ. ನಿನ್ನ ಗಂಡನ್ನ ಎಬ್ಬಿಸು."

"ಅವನ್ಯಾಕಕ್ಕ? ಹೋದ ತಿಂಗಳೇ ನಂದು ನೋಡ್ಕೊಂಡೆ, ಒಂದೇ ಗೆರೆ, ಸೋಂಕಿಲ್ಲ. ನಂದು ಸರಿ ಇದ್ರೆ ಅವಂದೂ ಸರಿ."

"ಅವನ ಹೊಟ್ಟೆಗೂ ನೀನೇ ಉಣ್ತೀಯೇನೇ?"

ಕಗೋಯಾಳೂ ನಬಿರ್ಯೆಯಂತೆ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವಳು. ಇಂಥ ಮನೆಗಳ ಗಂಡಸರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಅಲ್ಲಿ ಹೆಂಡತಿಯನ್ನು ಕರೆದುಕೊಂಡು ಬಾ ಎನ್ನುತ್ತಾರೆ, ಯಾರನ್ನು ಕರೆದೊಯ್ಯುವುದು? ಹಾಗಾಗಿ ಇಬ್ಬರ ಪಾಲಿನ ಪರೀಕ್ಷೆಯನ್ನೂ ಹೆಣ್ಣೇ ತನ್ನ ಬಾಯಲ್ಲಿ ಮುಗಿಸುತ್ತಾಳೆ. ಪ್ರೀತಿಯ ಈ ಹುಚ್ಚುತನ ಇಲ್ಲಿ ರೂಢಿಯೇ ಆಗಿದೆ.

ನಬಿರ್ಯೆಯೂ ಅದನ್ನೇ ಮಾಡಿದವಳು. ಅವಳ ಸಂಗಾತಿ ಕಿರುಂಡಾ, ಸರೋವರದ ಮೀನುಗಾರ, ದಿನೇ ದಿನೇ ಸೊರಗಿದಾಗಲೂ ಇವಳ ಕಡ್ಡಿಯಲ್ಲಿ ಒಂದೇ ಗೆರೆ. "ಮಲೇರಿಯಾ ಅಂದ, ನಾನೂ ಹೂಂ ಅಂದೆ. ಮಣ್ಣು ಮಾಡೋವಾಗ ಅವನ ಜನ ಹತ್ರ ಸೇರಿಸ್ಲಿಲ್ಲ. ಬಾಳೆತೋಟದ ಆಚೆ ನಿಂತು ಅತ್ತೆ."

ಅವಳಿ ಹೆತ್ತವಳಿಗೆ ಸಲ್ಲುವ ನಬಿರ್ಯೆ ಎಂಬ ಹೆಸರನ್ನು ತಾನೇ ಇಟ್ಟುಕೊಂಡಳೆಂದು ಕೇರಿ ಅವಳನ್ನು ಆಡಿಕೊಳ್ಳುತ್ತದೆ. "ಹೆಸರಿಗೂ ಬಸಿರಾಗ್ಬೇಕಾ?" ಎಂದು ನಕ್ಕುಬಿಡುತ್ತಾಳೆ. ಆ ನಗು ನೋಡಿದರೆ ಸಂಕಟವಾಗುತ್ತದೆ.

ಬಾಡಿಗೆಗೆ ಬೈಕ್ ಓಡಿಸುವ ಬಲಿಕೋವಾ, ಕಗೋಯಾಳ ಗಂಡ, ಗೊಣಗುತ್ತಲೇ ಎದ್ದು ಕಡ್ಡಿ ಸವರಿಕೊಳ್ಳುತ್ತಾನೆ. ಕಗೋಯಾಳೂ ಸವರಿಕೊಳ್ಳುತ್ತಾಳೆ. ಇಪ್ಪತ್ತು ನಿಮಿಷ ಕಾಯಬೇಕು. ಕೊನೆಗೆ ಅವಳದು ಒಂದು ಗೆರೆ, ಅವನದು ಎರಡು.

"ರಕ್ತ ಕೊಟ್ಟು ಇನ್ನೊಂದ್ಸಲ ನೋಡಿಸ್ಬೇಕಪ್ಪ. ಮಾತ್ರೆ ಇದೆ, ಬದುಕ್ತೀಯ. ನಾನೂ ಜೊತೆಗೆ ಬರ್ತೀನಿ."

"ಎಲ್ಲಿಗೆ?"

ಹಂಗಿಸದೆ ಮದ್ದು ಕೊಡುತ್ತಿದ್ದ ಒಂದೇ ಒಂದು ಚಿಕಿತ್ಸಾಲಯಕ್ಕೆ ಮಳೆಗಾಲದಿಂದ ಬೀಗ ಬಿದ್ದಿದೆ. ಉಳಿದಿರುವುದು ಹೆಂಡತಿಯನ್ನು ಕೇಳುವ ದೊಡ್ಡಾಸ್ಪತ್ರೆ. ಬಲಿಕೋವಾ ಬೈಕ್ ಹತ್ತಿ ಹೊರಟುಬಿಡುತ್ತಾನೆ.

ಕಗೋಯಾ ಮತ್ತೆ ಒಲೆ ಹೊತ್ತಿಸಿ, ಚಹಾ ಕಾಸಿ, ಅವನ ಲೋಟಕ್ಕೂ ಸುರಿದು ಮುಚ್ಚಿಡುತ್ತಾಳೆ. "ಬರ್ತಾನೆ ಅಲ್ವಾ, ಅಕ್ಕ?"

ನಬಿರ್ಯೆ ಬುಟ್ಟಿ ಕೆಳಗಿಟ್ಟು ಕೂರುತ್ತಾಳೆ. ಬಾಗಿಲ ಕಡೆಗೇ ಕಿವಿಗೊಟ್ಟು ತನ್ನ ಆಸೆ ಹೇಳುತ್ತಾಳೆ:

"ಎರಡು ಗೆರೆ ಕಂಡ ಗಂಡಸು ಒಬ್ಬನೂ ಇವತ್ತಿನವರೆಗೆ ವಾಪಸ್ ಬಂದು ಚಹಾ ಕುಡಿದಿಲ್ಲ. ಒಬ್ಬ ಬರ್ಲಿ. ಆರಿದ್ರೂ ಪರವಾಗಿಲ್ಲ, ಬಿಸಿ ಮಾಡಿ ಕೊಡ್ತೀನಿ."