ಕಳೆದುಹೋದ ಪುಸ್ತಕದ ಅಡಿಟಿಪ್ಪಣಿಗಳು

2004ರಲ್ಲಿ ನಾನು ಕಾರವಾರದ ಒಂದು ಕಾಲೇಜಿನ ಗ್ರಂಥಪಾಲಕ. ದೀಪಾವಳಿ ರಜೆಯಲ್ಲಿ ಸ್ಟಾಕ್ ವೆರಿಫಿಕೇಶನ್ ಮಾಡಿದ್ದೆ. ಅಂದರೆ ಕಪಾಟಿನ ಪ್ರತಿ ಪುಸ್ತಕವನ್ನೂ ರಿಜಿಸ್ಟರಿನೊಂದಿಗೆ ತಾಳೆ ನೋಡುವುದು. ಕರಾವಳಿ ಮೀನುಗಾರಿಕೆಯ ಒಂದು ಹಳೆಯ ವರದಿ ಸಿಗಲಿಲ್ಲ. 'ಕಳೆದುಹೋಗಿದೆ' ಎಂದು ಬರೆದು ಸಹಿ ಹಾಕಿದೆ.

ಫೆಬ್ರವರಿಯಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರು ಒಂದು ಎಂ.ಎ. ಪ್ರಬಂಧ ಹಿಡಿದು ಬಂದರು. ಬರೆದವಳು ಅಂಕೋಲೆ ಬಳಿಯ ಕೇಣಿಯ ನಾಗವೇಣಿ, ಮೀನುಗಾರರ ಮನೆಯ ಹುಡುಗಿ. ಹನ್ನೊಂದು ಅಡಿಟಿಪ್ಪಣಿಗಳಲ್ಲಿ ಅದೇ ವರದಿಯ ಹೆಸರು, ಪುಟಸಂಖ್ಯೆ ಸಮೇತ!

"ನೀವೇ ಕಳೆದುಹೋಗಿದೆ ಅಂತ ಬರೆದ ಪುಸ್ತಕ ಇವಳಿಗೆ ಎಲ್ಲಿ ಸಿಕ್ತು? ಎಲ್ಲಾ ಹುಟ್ಟಿಸಿ ಬರೆದದ್ದು. ನಾನು ಇದನ್ನ ತಿರಸ್ಕರಿಸ್ತೇನೆ," ಎಂದರು. ಹಾಗಾದರೆ ಅವಳಿಗೆ ಒಂದು ವರ್ಷ ಹೋದಂತೆ.

ನನಗೆ ತಲೆಬುಡ ತಿಳಿಯಲಿಲ್ಲ. ಹುಡುಗಿ ಸುಳ್ಳು ಬರೆದಳೇ? ಪುಸ್ತಕ ಕದ್ದಳೇ? ಮೀನುಗಾರಿಕೆಯ ಕಪಾಟನ್ನು ಮೂರು ಸಲ ಜಾಲಾಡಿದೆ. ರಿಜಿಸ್ಟರನ್ನೇ ದಿಟ್ಟಿಸುತ್ತ ಕೂತೆ, ಅದೇನು ಬಾಯಿ ಬಿಟ್ಟೀತು? ಕೊನೆಗೆ ಅವಳನ್ನೇ ಕರೆಸಿದೆ. ಪುಸ್ತಕ ಅಡಗಿಸಿಟ್ಟವರ ಸದಸ್ಯತ್ವ ರದ್ದು ಎಂಬ ಬೋರ್ಡು ನನ್ನ ಮೇಜಿನ ಹಿಂದೆಯೇ ಇತ್ತು. ಅದನ್ನೊಮ್ಮೆ ನೋಡಿದಳು. ಆಮೇಲೆ ಮೂಲೆಯ ಕಪಾಟಿಗೆ ನಡೆದಳು.

ಅದು ಗ್ರಂಥಾಲಯ ವಿಜ್ಞಾನದ ಕಪಾಟು. ಗ್ರಂಥಾಲಯವನ್ನು ಬಳಸುವುದು ಹೇಗೆಂದು ಕಲಿಸುವ ಪುಸ್ತಕಗಳ ಹಿಂದಿನಿಂದ ವರದಿ ಹೊರಬಂತು.

"ಕದ್ದದ್ದಲ್ಲ ಸರ್. ಇದು ಮನೆಗೆ ಕೊಡೂದಿಲ್ಲ, ಇಲ್ಲೇ ಕೂತು ಓದ್ಬೇಕು. ನಾ ಅಂಕೋಲೆಯಿಂದ ಬಸ್ಸು ಹಿಡ್ದು ಬರೂದ್ರೊಳಗೆ ಇಲ್ಲೇ ಹತ್ರ ಹಬ್ಬುವಾಡದಲ್ಲಿ ರೂಮ್ ಮಾಡ್ಕಂಡವ್ರು ತಕಂಡು ಕೂತಿರ್ತಿದ್ರು."

"ಇಲ್ಲೇ ಎಂತಕ್ಕೆ ಇಟ್ಟೆ?"

"ಈ ಕಪಾಟಿಗೆ ಯಾರೂ ಬರೂದಿಲ್ಲ ಸರ್." ಮೆತ್ತಗೆ ಸೇರಿಸಿದಳು, "ನೀವೂ ಬರೂದಿಲ್ಲ."

ನಿಜ, ರಜೆಯಲ್ಲಿ ಆ ಕಪಾಟನ್ನು ನಾನು ಮುಟ್ಟಿರಲೇ ಇಲ್ಲ. ನನ್ನದೇ ವಿಷಯದ ಪುಸ್ತಕಗಳು, ಎಲ್ಲಿಗೆ ಹೋಗುತ್ತವೆ ಎಂದು ಕೂತಲ್ಲೇ ಟಿಕ್ ಹಾಕಿದ್ದೆ.

ಅವಳನ್ನು ಹಿಡಿದುಕೊಟ್ಟರೆ ನಾನು ಪಾರು, ಸುಮ್ಮನಿದ್ದರೆ ಅವಳ ವರ್ಷ ಮುಳುಗುತ್ತದೆ. ಪ್ರಾಧ್ಯಾಪಕರ ಮುಂದೆ ವರದಿಯನ್ನಿಟ್ಟೆ. ಹನ್ನೊಂದೂ ಪುಟಗಳನ್ನು ಅವರು ತಾಳೆ ನೋಡಿದರು, ಒಂದೂ ತಪ್ಪಿರಲಿಲ್ಲ.

"ಎಲ್ಲಿತ್ತು ಇದು?"

"ಗ್ರಂಥಾಲಯದಲ್ಲೇ ಇತ್ತು ಸರ್. ನಾನು ಸರಿಯಾಗಿ ಹುಡುಕಿರಲಿಲ್ಲ," ಎಂದೆ. ಅದೇ ಮಾತನ್ನು ರಿಜಿಸ್ಟರಿನಲ್ಲೂ ಬರೆದು ಸಹಿ ಹಾಕಿದೆ. ಪ್ರಾಂಶುಪಾಲರಿಂದ ಮೆಮೊ ಬಂತು. ನಾಗವೇಣಿ ಪಾಸಾದಳು.

ನನ್ನ ತಪ್ಪು ಒಪ್ಪಿಕೊಂಡೆನೋ, ಅವಳ ತಪ್ಪು ಮುಚ್ಚಿಹಾಕಿದೆನೋ, ಇಂದಿಗೂ ನನಗೆ ಬಗೆಹರಿದಿಲ್ಲ. ಆದರೆ ಮರುವರ್ಷ ದೂರದಿಂದ ಬರುವವರ ಹೆಸರಿನಲ್ಲಿ ಪುಸ್ತಕ ತೆಗೆದಿಡಲು ನನ್ನ ಮೇಜಿನ ಪಕ್ಕ ಒಂದು ರ‍್ಯಾಕ್ ಹಾಕಿಸಿದೆ. ಪ್ರತಿ ಜೂನ್‌ನಲ್ಲಿ ಹೊಸಬರಿಗೆ ಗ್ರಂಥಾಲಯ ಬಳಸುವ ಪಾಠ ಮಾಡುತ್ತಿದ್ದವನು ನಾನು. ಬಳಸಲು ನಿಮಗೇನು ತೊಂದರೆ ಎಂದು ಅದುವರೆಗೆ ಒಬ್ಬರನ್ನೂ ಕೇಳಿರಲಿಲ್ಲ.