ಇರುವೆ ಸಾಲು ದಾಟುವ ಆಟ

ಅಳದಂಗಡಿಯ ಒಂದು ಜೈನ ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಹಾಗಾಗಿ ಸಂಜೆ ಉದ್ದ. ಆ ಸಂಜೆಗಳಲ್ಲಿ ಸೊಸೆ ಬ್ರಾಹ್ಮಿ ವಿಡಿಯೋ ಗೇಮ್ ಮಾಡಲು ಕಲಿತಳು. ಹಗಲು ಅವಳಿಗೆ ಪೇಟೆಯಲ್ಲಿ ಝೆರಾಕ್ಸ್ ಅಂಗಡಿ. ಕಲಿಸುವವರಿರಲಿಲ್ಲ, ಯೂಟ್ಯೂಬಿನ ಪಾಠಗಳನ್ನು ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ಕೇಳಿ ಕಲಿತದ್ದು. ಗೊಂಬೆ ನಡೆಯಲು ಒಂದು ಮಳೆಗಾಲ ಹಿಡಿಯಿತು. ಹಾರಿದ ಗೊಂಬೆ ನೆಲದ ಮೇಲೆ ನಿಲ್ಲಲು ಇನ್ನೊಂದು. ಅಲ್ಲಿಯವರೆಗೆ ಅದು ನೆಲ ತೂರಿ ಪಾತಾಳಕ್ಕೆ ಬೀಳುತ್ತಿತ್ತು.

ಎರಡು ಆಟಗಳನ್ನು ಅವಳು ಅರ್ಧಕ್ಕೇ ಬಿಟ್ಟಿದ್ದಳು. ಮೂರನೆಯದನ್ನು ಹಿಡಿದಾಗ ಗಂಡ ಆದೀಶ್, "ಇದೂ ಅಟ್ಟಕ್ಕೇ ಹೋಗುವುದಾ ಮಾರಾಯ್ತಿ?" ಎಂದ.

"ಇದನ್ನು ಮುಗಿಸದಿದ್ರೆ ಮತ್ತೆ ಕಂಪ್ಯೂಟರ್ ಮುಟ್ಟುವುದಿಲ್ಲ" ಎಂದಳು. ಅವಳು ಮಾತಿಗೆ ತಪ್ಪುವವಳಲ್ಲ.

ಆಟ ಸರಳ. ಹುಡುಗಿಯೊಬ್ಬಳು ಬಸದಿಗೆ ಅಭಿಷೇಕದ ಹಾಲು ಒಯ್ಯಬೇಕು. ದಾರಿಗೆ ಅಡ್ಡವಾಗಿ ಇರುವೆ ಸಾಲು. ಅವುಗಳ ಮೇಲೆ ಹಾರಿದರೆ ಇರುವೆ ಸತ್ತು ಅಂಕ ಸಿಗುತ್ತದೆ. ಪಾಠದಲ್ಲಿ ಹೇಳಿದಂತೆಯೇ ಮಾಡಿದ್ದಳು. ಪುಂಜಾಲಕಟ್ಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗೆಳತಿ ಶಮ್ನಾ ಆಡಿ ನೋಡಿ, "ಲಾಯ್ಕ ಉಂಟು" ಎಂದಿದ್ದಳು.

ಕೊನೆಗೆ ಫೋನನ್ನು ಅತ್ತೆ ರಾಜಮತಿಯವರ ಕೈಗೆ ಕೊಟ್ಟಳು. ಆಟದ ಹುಡುಗಿ ನಡೆದು ಇರುವೆ ಸಾಲಿನ ಮುಂದೆ ನಿಂತಳು. ನಿಂತೇ ಇದ್ದಳು.

"ಅತ್ತೆ, ಬಲಗಡೆ ಒತ್ತಿ. ಹಾರ್ತಾಳೆ."

"ಗೊತ್ತುಂಟು. ಇರುವೆ ಹೋಗ್ಲಿ. ಬಸದಿಗೆ ಹೋಗುವವಳಿಗೆ ಎಂಥ ಅವಸರ?"

ಇರುವೆಗಳು ಹೋಗಲಿಲ್ಲ. ಅಲ್ಲೇ ಹಿಂದೆ ಮುಂದೆ ಸುತ್ತುವಂತೆ ಬ್ರಾಹ್ಮಿಯೇ ಬರೆದಿದ್ದಳು.

"ಅಮ್ಮ, ಹಾಲು ಹುಳಿ ಆಗ್ತದೆ" ಎಂದು ಆದೀಶ್ ನಕ್ಕ.

"ಆಗ್ಲಿ. ಜೀವ ತುಳಿದು ತಂದ ಹಾಲು ಯಾರಿಗೆ?" ರಾಜಮತಿ ಫೋನ್ ಕೆಳಗಿಟ್ಟರು.

ಗುಡಿಸುವಾಗ ಇರುವೆ ಕಂಡರೆ ಪೊರಕೆ ಎತ್ತಿ ಕಾಯುವವಳೇ ಬ್ರಾಹ್ಮಿ. ಪರದೆಯ ಮೇಲೆ ಅದು ನೆನಪಾಗಿರಲಿಲ್ಲ. ಕೆಲವು ಸಂಜೆ ಅವಳು ಕಂಪ್ಯೂಟರ್ ತೆರೆಯಲಿಲ್ಲ. ಅಟ್ಟದ ಮಾತನ್ನು ಆದೀಶನೂ ಎತ್ತಲಿಲ್ಲ.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಅಂಗಡಿಯ ಮೆಟ್ಟಿಲಲ್ಲಿ ಹರಿಯುತ್ತಿದ್ದ ನಿಜವಾದ ಇರುವೆಗಳನ್ನು ನೋಡುತ್ತ ಕುಳಿತಳು. ಸಾಲು ಆಗಾಗ ಕಡಿಯುತ್ತದೆ. ಒಂದು ಕಾಲಿಡುವಷ್ಟು ತೆರಪು ಬೀಳುತ್ತದೆ. ಆಟ ಅಲ್ಲಿತ್ತು. ಕಾದು, ತೆರಪು ಕಂಡಾಗ ಹೆಜ್ಜೆ ಇಡಬೇಕು. ತುಳಿದರೆ ಹಾಲು ಚೆಲ್ಲಿ, ಹುಡುಗಿ ಮನೆಗೆ ವಾಪಸು. ಇದನ್ನು ಬರೆಯುವುದು ಇರುವೆ ಸಾಯಿಸಿದಷ್ಟು ಸುಲಭವಾಗಿರಲಿಲ್ಲ. ದೀಪಾವಳಿ ಕಳೆದ ಮೇಲೆ ಸರಿಯಾಯಿತು.

"ಎಂಥ ಮಾರಾಯ್ತಿ, ನಿನ್ನ ಹುಡುಗಿ ಮುಂದೆಯೇ ಹೋಗುವುದಿಲ್ಲ" ಎಂದು ಶಮ್ನಾ ದೂರಿದಳು; ದೂರುತ್ತಲೇ ಮೂರು ಸಲ ಆಡಿದಳು.

ರಾಜಮತಿ ಊಟ ಮುಗಿಸಿ ಕುಳಿತು, ಹನಿ ಚೆಲ್ಲದೆ ಹುಡುಗಿಯನ್ನು ಬಸದಿಯ ಬಾಗಿಲಿಗೆ ಮುಟ್ಟಿಸಿದರು. ಆಟ ಅಲ್ಲಿಗೆ ಮುಗಿಯಿತು.

"ಅಭಿಷೇಕ ಎಲ್ಲಿ?" ಎಂದು ಕೇಳಿದರು.

"ಅದು ನಾಲ್ಕನೆಯ ಆಟ, ಅತ್ತೆ" ಎಂದಳು ಬ್ರಾಹ್ಮಿ.